ಕುಂದಾಣಕ್ಕೆ ಹೋಗಿ ಬಂದ ಗೋಡೆ

ಮರದ ಮನೆ ಅಂದರೆ ನಮ್ಮ ಕಡೆಯ ಜನ ಮೊದಲು ನಗುತ್ತಾರೆ, ಆಮೇಲೆ ಗೆದ್ದಲಿನ ಬಗ್ಗೆ ಕೇಳುತ್ತಾರೆ. ಹೈದರ್ ಅವರಿಗೆ ಎರಡೂ ಅಭ್ಯಾಸವಾಗಿತ್ತು. ದೊಡ್ಡಬಳ್ಳಾಪುರದಲ್ಲಿ ಅವರದು ತಂದೆಯ ಕಾಲದಿಂದ ಬಾಗಿಲು ಚೌಕಟ್ಟಿನ ಅಂಗಡಿ. ಸುತ್ತಲಿನ ಹೋಬಳಿಗಳಲ್ಲಿ ಹಳೇ ಮನೆ ಯಾವುದರ ಮುಂದೆ ನಿಂತರೂ ಇದು ಸಾಬರ ಬಾಗಿಲು ಅನ್ನುವವರು ಒಬ್ಬರಾದರೂ ಸಿಗುತ್ತಾರೆ. ಅವರು ಮಾತುಗಾರರು. ಬಾಗಿಲು ಮಾಡಿಸಲು ಬಂದವನ ಅತ್ತೆಯ ಮಂಡಿನೋವಿನವರೆಗೂ ವಿಚಾರಿಸಿಕೊಂಡೇ ಅಳತೆಯ ಟೇಪು ಬಿಚ್ಚುವವರು. ಅಂಥವರು ಮಗಳು ನೌರೀನಳ ಮಾತು ಕೇಳಿ, ಸೋಂಪುರದ ಕೈಗಾರಿಕಾ ಪ್ರದೇಶದಲ್ಲಿ ಒಂದು ಶೆಡ್ ಹಿಡಿದು, ಮರದ ಮನೆ ಮಾಡಲು ಹೊರಟರು.

ಕೆಲಸದ ರೀತಿ ಇಷ್ಟೇ. ಮರದ ಕಂಬಗಳನ್ನು ಸಾಲಾಗಿ ಜೋಡಿಸಿ, ಮೇಲೊಂದು ಕೆಳಗೊಂದು ಪಟ್ಟಿ ಹೊಡೆದು, ಎರಡೂ ಮಗ್ಗುಲಿಗೆ ಹಲಗೆ ಮುಚ್ಚಿದರೆ ಅದು ಗೋಡೆ. ಗೋಡೆಗಳನ್ನು ಕಾರ್ಖಾನೆಯಲ್ಲೇ ಮುಗಿಸಿ, ಲಾರಿಗೆ ಏರಿಸಿ, ಜಾಗದಲ್ಲಿ ಹಾಕಿಟ್ಟ ಕಾಂಕ್ರೀಟ್ ನೆಲದ ಮೇಲೆ ನಿಲ್ಲಿಸಿ ಬಿಗಿದರೆ ಅದು ಮನೆ. ನಂದಿ ಬೆಟ್ಟದ ಕಡೆಯ ರೆಸಾರ್ಟುಗಳಿಗೆ ಇಂಥ ಕಾಟೇಜುಗಳು ಕೆಲವು ಹೋಗಿದ್ದವು. ಅಲ್ಲಿಯವರೆಗೆ ನಕ್ಷೆ ಬರೆಯುವುದು ನೌರೀನ್, ಅದನ್ನು ನೋಡಿ ಯಾವ ಮರ ಎಷ್ಟುದ್ದ ಎಂದು ಪೆನ್ಸಿಲಿನಲ್ಲಿ ಹಲಗೆಯ ಮೇಲೆ ಗೀಚಿ ಕುಯ್ಯಿಸುವುದು ಮೇಸ್ತ್ರಿ ಕೆಂಪರಾಜ್. ಈಗ ಹೊಸ ಕುಯ್ಯುವ ಯಂತ್ರ ಬಂದಿತ್ತು. ಅದಕ್ಕೆ ಪೆನ್ಸಿಲ್ ಓದಲು ಬರುವುದಿಲ್ಲ. ಮನೆಯನ್ನು ಮೊದಲು ಕಂಪ್ಯೂಟರಿನಲ್ಲಿ ಕಟ್ಟಿ, ಅಲ್ಲಿಂದಲೇ ಒಂದೊಂದು ಕಂಬದ ಅಳತೆಯನ್ನೂ ಯಂತ್ರಕ್ಕೆ ಕಳಿಸುವ ಸಾಫ್ಟ್‌ವೇರ್ ಬೇಕಾಯಿತು. ಯಾವುದನ್ನು ಕೊಳ್ಳುವುದು ಅನ್ನುವ ತೀರ್ಮಾನ ನೌರೀನಳದು.

"ನಂಗೆ ಬಾಗ್ಲು ಗೊತ್ತು, ಅವಳಿಗೆ ಕಂಪ್ಯೂಟರ್ ಗೊತ್ತು," ಎಂದು ಹೈದರ್ ಶೆಡ್ಡಿನವರೆಲ್ಲರ ಮುಂದೆ ಹೇಳಿಬಿಟ್ಟಿದ್ದರು. ಮಗಳು ಡಿಪ್ಲೊಮಾ ಮುಗಿಸಿ ಯಲಹಂಕದ ಒಂದು ಇಂಟೀರಿಯರ್ ಕಂಪನಿಯಲ್ಲಿ ಕೆಲಸ ಮಾಡಿ ಬಂದವಳು. ಅಲ್ಲಿ ಅವಳು ಬರೆದದ್ದು ಅಡುಗೆಮನೆಯ ಕಬೋರ್ಡುಗಳ ಚಿತ್ರ ಮಾತ್ರ ಅನ್ನುವುದು ತಂದೆಗೆ ಗೊತ್ತಿರಲಿಲ್ಲ. ಅವಳೂ ಹೇಳಿರಲಿಲ್ಲ.

ಅದನ್ನು ಇದನ್ನು ನೋಡಿ ಕೊನೆಗೆ ಉಳಿದದ್ದು ಎರಡು. ಶೆಡ್ಡಿನವರು ಎರಡಕ್ಕೂ ಅಡ್ಡಹೆಸರು ಇಟ್ಟರು. ಒಂದು ಗುಮಾಸ್ತ, ಇನ್ನೊಂದು ಮದುವಣಗಿತ್ತಿ.

ಗುಮಾಸ್ತನನ್ನು ತೋರಿಸಲು ಬಂದವಳು ಹರ್ಷಿತ ಅನ್ನುವ ಹುಡುಗಿ. ಆಫೀಸಿನ ಗೋಡೆಯ ಮೇಲೆ ಕಪ್ಪು ಪರದೆ, ಅದರ ಮೇಲೆ ತೆಳ್ಳಗಿನ ಗೆರೆಗಳು, ಅಷ್ಟೇ. ನೋಡಲು ಏನೂ ಇಲ್ಲ. ಸಾಲದ್ದಕ್ಕೆ ಅದು ಎಲ್ಲಕ್ಕೂ ಪ್ರಶ್ನೆ ಕೇಳುವ ಜಾತಿಯದು. ಒಂದು ಗೋಡೆ ಎಳೆದರೆ, ಕಂಬ ಯಾವ ಮರದ್ದು? ಕಿಟಕಿ ಇಟ್ಟರೆ, ಅದರ ಮೇಲಿನ ಭಾರ ಹೊರುವುದು ಯಾವುದು? ಬಾಗಿಲು ಇಟ್ಟರಂತೂ ಮುಗಿಯಿತು. ಚೌಕಟ್ಟು ಕಾರ್ಖಾನೆಯಲ್ಲೇ ಕೂರುತ್ತದೋ, ಜಾಗಕ್ಕೆ ಹೋದ ಮೇಲೋ? ಕೆಳಗಿನ ಪಟ್ಟಿ ಕುಯ್ಯಬೇಕೋ, ಬಿಡಬೇಕೋ? ಪ್ರಶ್ನೆ ಬಂದಾಗಲೆಲ್ಲ ಹರ್ಷಿತ ಉತ್ತರಕ್ಕೆಂದು ನೌರೀನಳ ಮುಖ ನೋಡುತ್ತಿದ್ದಳು. ಹಿಂದೆ ಕುರ್ಚಿಯಲ್ಲಿ ಅಬ್ಬಾ, ಬಾಗಿಲಲ್ಲಿ ಒರಗಿ ನಿಂತ ಕೆಂಪರಾಜ್, ಅವರ ಭುಜದ ಮೇಲಿಂದ ಇಣುಕುವ ಇನ್ನಿಬ್ಬರು. ನೌರೀನಳ ಕುತ್ತಿಗೆ ಬೆವರಿತು. "ಅದು ಡಿಪೆಂಡ್ಸ್," ಎಂದಳು. ಮುಂದಿನ ಪ್ರಶ್ನೆಗೂ ಅದನ್ನೇ ಹೇಳಿದಳು. ಹರ್ಷಿತ ಪಾಪ, ಅದನ್ನೇ ಬರೆದುಕೊಂಡಳು.

ಮದುವಣಗಿತ್ತಿಯನ್ನು ತಂದವನು ನವೀನ್‌ಕುಮಾರ್. ಅವನದು ಇಸ್ತ್ರಿ ಮುರಿಯದ ಅಂಗಿ, ಬೆಣ್ಣೆಯಂಥ ಇಂಗ್ಲಿಷು. ಪರದೆಯ ಮೇಲೆ ಮನೆ ಎದ್ದಿತು, ಬಿಸಿಲು ಬಿತ್ತು, ಕಿಟಕಿಯ ಪರದೆ ಗಾಳಿಗೆ ಅಲ್ಲಾಡಿತು. ಜಗಲಿಯಲ್ಲಿ ಒಬ್ಬಳು ಹೆಂಗಸು ಕಾಫಿ ಲೋಟ ಹಿಡಿದು ನಿಂತಿದ್ದಳು. ಈಕೆ ಯಾರ ಮನೆಯವರು ಎಂದು ಹೈದರ್ ವಿಚಾರಿಸಿದ್ದಕ್ಕೆ ಎಲ್ಲರೂ ನಕ್ಕರು, ಅವರೂ ನಕ್ಕರು. ಮದುವಣಗಿತ್ತಿ ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ. ಬಾಗಿಲನ್ನು ಎಳೆದು ತಂದು ಗೋಡೆಗೆ ಅಂಟಿಸಿದರೆ ಸಾಕು, ಒಳಗಿನ ಕಂಬಗಳು ತಾವೇ ಸರಿದು ಜಾಗ ಬಿಟ್ಟವು, ಕೆಳಗಿನ ಪಟ್ಟಿ ತಾನೇ ಮಾಯವಾಯಿತು. ಹೈದರ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

"ಸರ್, ಈ ಬಾಗ್ಲ ಕೆಳಗೆ..." ಎಂದರು.

ಅವರು ಮುಗಿಸುವ ಮೊದಲೇ ನವೀನ್‌ಕುಮಾರ್‌ಗೆ ಅರ್ಥವಾಗಿತ್ತು. ಹೊಸ್ತಿಲಿಲ್ಲದ ಬಾಗಿಲು ಬೇರೆ ದೇಶಗಳಲ್ಲಿ ನಡೆಯುವ ಪದ್ಧತಿ ಎಂದು ಇಂಗ್ಲಿಷಿನಲ್ಲಿ ಹೇಳಿ, ಆಮೇಲೆ ನೌರೀನಳ ಕಡೆ ತಿರುಗಿ, "ಬೇಕಂತ ಎಡವೋಕೆ ಯಾರಾದ್ರೂ ಅಡ್ಡ ಮರ ಹಾಕ್ಕೊತಾರಾ ಮೇಡಂ?" ಎಂದು ಕಣ್ಣು ಮಿಟುಕಿಸಿದ.

ನೌರೀನ್ ನಕ್ಕಳು. ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ ನಕ್ಕಳು. ಹೈದರ್ ಕುರ್ಚಿಗೆ ಒರಗಿಕೊಂಡರು. ಮದುವಣಗಿತ್ತಿಯೇ ಆಗಲಿ ಎಂದು ಆ ಸಂಜೆಯೇ ತೀರ್ಮಾನವಾಯಿತು. ಕೊಳ್ಳುವ ಮೊದಲು ಒಂದು ಮನೆ ಮಾಡಿ ನೋಡಿ ಎಂದು ನವೀನ್‌ಕುಮಾರ್ ಪುಕ್ಕಟೆಯಾಗಿ ಹಾಕಿಕೊಟ್ಟು ಹೋದ.

ಆ ಒಂದು ಮನೆ ಕುಂದಾಣದ ಮುನಿತಾಯಮ್ಮನವರದು. ಗಂಡ ಮುನಿರಾಮಯ್ಯ ದ್ರಾಕ್ಷಿ ಬೆಳೆಯುವವರು. ತೋಟದಲ್ಲೇ ಒಂದು ಮನೆ ಬೇಕು, ಇಟ್ಟಿಗೆ ಸಿಮೆಂಟು ಅಂತ ವರ್ಷಗಟ್ಟಲೆ ಕಾಯಲು ಆಗುವುದಿಲ್ಲ ಎಂದು ಮುನಿತಾಯಮ್ಮನೇ ಹಟ ಮಾಡಿ ಮರದ ಮನೆಗೆ ಒಪ್ಪಿಸಿದ್ದರು. ಹೈದರ್ ಅವರನ್ನು ನಂಬಲು ಆಕೆಗೆ ಕಾರಣವಿತ್ತು. ತೂಬಗೆರೆಯ ತವರುಮನೆಗೂ, ಅಕ್ಕನ ಮನೆಗೂ ಸಾಬರ ಬಾಗಿಲೇ. ಗೋಡೆ ಯಾವುದರದ್ದಾದರೂ ಇರಲಿ, ಬಾಗಿಲು ಮಾತ್ರ ತವರಿನ ಥರದ್ದೇ ಆಗಬೇಕು ಎಂದು ಅಂಗಡಿಗೆ ಬಂದು ಹೇಳಿಹೋಗಿದ್ದರು. ಬಾಗಿಲು ನನಗೆ ಬಿಡು ತಾಯಿ ಎಂದು ಹೈದರ್ ಮಾತು ಕೊಟ್ಟಿದ್ದರು.

ಇಲ್ಲಿ ಒಂದು ಪದ್ಧತಿ ಹೇಳಬೇಕು. ನಮ್ಮ ಕಡೆ ಮನೆ ಕಟ್ಟುವಾಗ ತಲೆಬಾಗಿಲಿನ ಚೌಕಟ್ಟಿಗೆ ಪೂಜೆಯಾಗಬೇಕು. ಬಯಲಲ್ಲಿ, ಬರೀ ಚೌಕಟ್ಟನ್ನು ನಿಲ್ಲಿಸಿ, ಎರಡು ಊರುಗೋಲು ಕೊಟ್ಟು, ಹೊಸ್ತಿಲಿಗೆ ಅರಿಶಿನ ಬಳಿದು ಕುಂಕುಮ ಇಟ್ಟು, ತೋರಣ ಕಟ್ಟಿ, ಆಮೇಲೆ ಅದರ ಎರಡು ಮಗ್ಗುಲಿಗೆ ಗೋಡೆ ಏಳುತ್ತದೆ. ಬಾಗಿಲು ಮಾಡಿದವನನ್ನು ಅವತ್ತು ಮಣೆಯ ಮೇಲೆ ಕೂರಿಸಿ ತಾಂಬೂಲದ ಜೊತೆ ಪಂಚೆ ಶಲ್ಯ ಕೊಡುತ್ತಾರೆ. ಹೈದರ್ ಅವರ ಬೀರುವಿನಲ್ಲಿ ಅಂಥ ಶಲ್ಯಗಳ ಒಂದು ಅಟ್ಟಿಯೇ ಇತ್ತು. ಚಿಕ್ಕವಳಿದ್ದಾಗ ನೌರೀನ್ ಅಬ್ಬಾನ ಬೆರಳು ಹಿಡಿದು ಎಷ್ಟೋ ಬಾಗಿಲು ಪೂಜೆಗಳಿಗೆ ಹೋಗಿದ್ದಳು. ಹಾಗಾಗಿ ಗೊತ್ತಿರಲಿಲ್ಲ ಎಂದು ಹೇಳುವ ದಾರಿ ಅವಳಿಗೆ ಇರಲಿಲ್ಲ.

ಹೈದರ್ ಹೊನ್ನೆ ಮರದಲ್ಲಿ ಚೌಕಟ್ಟು ಮಾಡಿದರು. ಎರಡೂ ಕಾಲಿನುದ್ದಕ್ಕೆ ಬಳ್ಳಿ, ಕೆಳಗೆ ದಪ್ಪ ಹೊಸ್ತಿಲು. ಬಳ್ಳಿ ಹೊಸ್ತಿಲಿನಿಂದಲೇ ಹುಟ್ಟಿ ಮೇಲಕ್ಕೆ ಹಬ್ಬಿದ ಹಾಗೆ ಕೆತ್ತಿದ್ದರು. ಅದನ್ನು ಟೆಂಪೋದಲ್ಲಿ ಸೋಂಪುರಕ್ಕೆ ಕಳಿಸಿ ಅಂಗಡಿಯ ಕೆಲಸದಲ್ಲಿ ಮುಳುಗಿದರು. ಅಷ್ಟರಲ್ಲಿ ಮದುವಣಗಿತ್ತಿ ಹೇಳಿದ ಪ್ರಕಾರ ಯಂತ್ರ ಮರ ಕುಯ್ದು, ಮುಂಗೋಡೆ ಮುಗಿದು, ಮೇಜಿನ ಮೇಲೆ ಮಲಗಿತ್ತು. ಚೌಕಟ್ಟನ್ನು ಅದರ ಬಾಯಿಗೆ ಹಿಡಿದು ನೋಡಿದರೆ ಹೊಸ್ತಿಲಿನ ದಪ್ಪದಷ್ಟೇ ಹೆಚ್ಚು. ಕೂರುತ್ತಿಲ್ಲ.

ಕೆಂಪರಾಜ್ ಬಂದು ಕೇಳಿದರು. ಚೌಕಟ್ಟು ಮೊದಲು ನಿಲ್ಲುವ ಹಾಗೆ ಗೋಡೆ ಬಿಚ್ಚಿ ಎರಡು ಭಾಗ ಮಾಡಬೇಕೋ ಹೇಗೆ ಎಂದರು. ನೌರೀನ್ ಬಾಗಿಲು ಮುಚ್ಚಿಕೊಂಡು ಕಂಪ್ಯೂಟರಿನ ಮುಂದೆ ಕೂತಳು. ಗೋಡೆಯನ್ನು ಎರಡು ಮಾಡುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಪಟ್ಟಿ ಬೇಕು ಎಂದು ಬಾಗಿಲ ಕೆಳಗೆ ಎಳೆದರೆ ಮದುವಣಗಿತ್ತಿ ಅದನ್ನು ಮತ್ತೆ ಮಾಯ ಮಾಡುತ್ತಿತ್ತು. ನವೀನ್‌ಕುಮಾರ್‌ಗೆ ಒಂದು ಫೋನ್ ಮಾಡಿದ್ದರೆ ಆಗುತ್ತಿತ್ತೇನೋ. ಮಾಡಿದರೆ ಎಡವಲು ಅಡ್ಡ ಮರ ಬೇಕು ಎಂದು ಅವನಿಗೆ ಹೇಳಬೇಕು. ಅವತ್ತು ಅಷ್ಟು ನಕ್ಕವಳು ಇವತ್ತು ಯಾವ ಬಾಯಲ್ಲಿ ಕೇಳುವುದು? ರೆಸಾರ್ಟಿನ ಕಾಟೇಜುಗಳಿಗೆ ಹೊಸ್ತಿಲೇ ಇರಲಿಲ್ಲ, ಒಬ್ಬರೂ ಕೇಳಿರಲಿಲ್ಲ. ಬೇಕಾದರೆ ಆಮೇಲೆ ಒಂದು ಪಟ್ಟಿ ಹೊಡೆದರಾಯಿತು. ಹೀಗೆಲ್ಲ ತನಗೆ ತಾನೇ ಹೇಳಿಕೊಂಡು ಹೊರಗೆ ಬಂದಳು.

"ಸಾಫ್ಟ್‌ವೇರಲ್ಲಿ ಹೊಸ್ತಿಲು ಇಲ್ಲ. ಕುಯ್ದುಬಿಡಿ."

ಕೆಂಪರಾಜ್ ಚೌಕಟ್ಟನ್ನೂ ಅವಳನ್ನೂ ನೋಡಿದರು. "ಸಾಬ್ರಿಗೆ ಹೇಳಿದ್ದೀರಾ ಮೇಡಂ?"

"ಹೇಳಿದ್ದೀನಿ," ಎಂದಳು.

ಹೇಳಿರಲಿಲ್ಲ.

ಪೂಜೆಯ ದಿನ ಕುಂದಾಣದ ತೋಟದಲ್ಲಿ ಶಾಮಿಯಾನ ಹಾಕಿತ್ತು. ಒಂದು ಪಕ್ಕದಲ್ಲಿ ಅಡುಗೆ ಒಲೆ, ಇನ್ನೊಂದು ಪಕ್ಕದಲ್ಲಿ ನೆಂಟರ ಬೈಕು ಕಾರುಗಳು. ಹೈದರ್ ಬಿಳಿ ಜುಬ್ಬಾ ಹಾಕಿ, ಗಡ್ಡ ಒಪ್ಪ ಮಾಡಿಕೊಂಡು, ಬಂದವರನ್ನೆಲ್ಲ ಮಾತಾಡಿಸುತ್ತಿದ್ದರು. ಗೆದ್ದಲಿನ ಪ್ರಶ್ನೆಗೆ ಇಷ್ಟು ಸಂತೋಷವಾಗಿ ಉತ್ತರ ಕೊಡುವವರನ್ನು ಆ ಜನ ನೋಡಿರಲಿಲ್ಲ. ಚೌಕಟ್ಟು ಎಲ್ಲಿ ಸಾಬ್ರೇ, ಲಾರಿಯಲ್ಲಿ ಬರೀ ಗೋಡೆ ಕಾಣ್ತೈತೆ ಎಂದು ಯಾರೋ ಅಂದಾಗ, ಗೋಡೆಯ ಹಿಂದೆ ಇರುತ್ತೆ ಬಿಡಿ ಎಂದರು. ನೌರೀನ್ ಆ ಮಾತು ಕೇಳಿಸಿಕೊಂಡಳು. ಲಾರಿಯ ಆಚೆ ಹೋಗಿ ನಿಂತಳು.

ಕ್ರೇನು ಗೋಡೆಯನ್ನು ಎತ್ತಿ ಕಾಂಕ್ರೀಟ್ ನೆಲದ ಅಂಚಿಗೆ ತಂದು ನಿಲ್ಲಿಸಿತು. ಸುತ್ತಿದ್ದ ನೀಲಿ ಪ್ಲಾಸ್ಟಿಕ್ ಕಿತ್ತರು. ನೆಂಟರು ಓ ಅಂದರು. ಬಣ್ಣ ಚೆನ್ನಾಗಿತ್ತು, ಕಿಟಕಿಯ ಗಾಜು ಫಳಫಳ ಹೊಳೆಯಿತು, ನಡುವೆ ಕೆತ್ತನೆಯ ಚೌಕಟ್ಟು ಕೂತಿತ್ತು. ಗೋಡೆ ಮೊದಲೇ ಬಂದುಬಿಟ್ಟಿತಲ್ಲ ಎಂದು ಪುರೋಹಿತರು ಮೆಲ್ಲಗೆ ಅಂದರು. ಇರಲಿ, ಈಗಿನ ಕಾಲ, ಹೊಸ್ತಿಲ ಪೂಜೆ ಆದರೆ ಆಯಿತು ಎಂದು ಮುನಿತಾಯಮ್ಮ ಸೆರಗು ಸಿಕ್ಕಿಸಿಕೊಂಡು, ಅರಿಶಿನ ಕಲಸಿದ ಬಟ್ಟಲು ಹಿಡಿದು ಬಂದರು. ಬಾಗಿಲ ಮುಂದೆ ಬಗ್ಗಿದರು. ಅರಿಶಿನದ ಕೈ ನೆಲ ಮುಟ್ಟಿತು. ಬರೀ ಕಾಂಕ್ರೀಟು. ಕೈಯನ್ನು ಆ ಕಡೆಯಿಂದ ಈ ಕಡೆಗೆ ಸರಿಸಿದರು. ಬಗ್ಗಿದವರು ಹಾಗೇ ಇದ್ದರು.

"ಹೈದರಣ್ಣ, ಹೊಸ್ತಿಲೆಲ್ಲಿ? ಅರಿಶಿನ ಎಲ್ಲಿಗ್ ಹಚ್ಲಿ?"

ಜೋರಾಗಿ ಕೇಳಲಿಲ್ಲ. ನಿಜವಾಗಿ ಎಲ್ಲಿ ಹಚ್ಚಬೇಕೋ ತಿಳಿಯದೆ ಕೇಳಿದ್ದು. ಅದಕ್ಕೇ ಎಲ್ಲರಿಗೂ ಕೇಳಿಸಿತು.

ಹೈದರ್ ನಗುತ್ತಲೇ ಹತ್ತಿರ ಬಂದರು. ಬಗ್ಗಿ ನೋಡಿದರು. ಚೌಕಟ್ಟಿನ ಎರಡು ಕಾಲುಗಳೂ ನೆಲದ ಹತ್ತಿರ ಹಸಿಯಾಗಿ ಕುಯ್ಯಿಸಿಕೊಂಡಿದ್ದವು. ಬಳ್ಳಿ ಒಂದು ಎಲೆಯ ಅರ್ಧಕ್ಕೆ ನಿಂತಿತ್ತು. ಅವರು ಆ ಅರ್ಧ ಎಲೆಯ ಮೇಲೆ ಹೆಬ್ಬೆರಳು ಆಡಿಸಿದರು. ತಿರುಗಿ ಮಗಳನ್ನು ನೋಡುತ್ತಾರೆ ಎಂದು ಲಾರಿಯ ಪಕ್ಕದಿಂದ ನೌರೀನ್ ಕಾದಳು. ನೋಡಲಿಲ್ಲ.

ಮುದುಕಿ ಮುತ್ಯಾಲಮ್ಮ, ಮುನಿರಾಮಯ್ಯನವರ ಸೋದರತ್ತೆ, ಕುರ್ಚಿಯಲ್ಲಿ ಕೂತಲ್ಲಿಂದಲೇ ವಿಚಾರಣೆ ಶುರು ಮಾಡಿದಳು. ಹೊಸ್ತಿಲು ಕುಯ್ದೋರು ಯಾರಪ್ಪ ಎಂದಳು. ಕೆಂಪರಾಜ್ ತಲೆ ತಗ್ಗಿಸಿ, "ಸಾಫ್ಟ್‌ವೇರಲ್ಲಿ ಇರ್ಲಿಲ್ಲ ಅಜ್ಜಿ," ಎಂದರು.

"ಹಂಗಾ. ಅವ್ನನ್ನೂ ಕರ್ಕೊಂಡ್ ಬರ್ಬೇಕಾಗಿತ್ತು ಊಟಕ್ಕೆ," ಅಂದಳು ಮುದುಕಿ. ಮೊಮ್ಮಗಳು ವೈಟ್‌ಫೀಲ್ಡಿನಲ್ಲಿ ಅದೇ ಕೆಲಸದಲ್ಲಿದ್ದಳು, ಮುದುಕಿಗೆ ಎಲ್ಲ ಗೊತ್ತಿತ್ತು. ಹಿಂದಿನ ಸಾಲಿನಲ್ಲಿ ಕೆಲವರು ಕಿಸಕ್ಕೆಂದರು. ಮುನಿರಾಮಯ್ಯ ಮಾತ್ರ ನಗಲಿಲ್ಲ. ಇಷ್ಟು ವರ್ಷ ಮೇಸ್ತ್ರಿ ಕೆಲಸ ಮಾಡಿದವನಿಗೆ ಇದು ತಿಳಿಯುವುದಿಲ್ಲವಾ ಎಂದು ಕೆಂಪರಾಜ್ ಮೇಲೆ ತಿರುಗಿಬಿದ್ದರು. ಕೆಂಪರಾಜ್ ನೌರೀನಳ ಹೆಸರು ಎತ್ತಲಿಲ್ಲ.

"ಅವನದಲ್ಲ, ತಪ್ಪು ನಂದು," ಎಂದರು ಹೈದರ್. "ಚಿತ್ರದಲ್ಲಿ ನಾನು ನೋಡಿದ್ದೆ. ಕೇಳ್ಬೇಕಾಗಿತ್ತು, ಕೇಳಲಿಲ್ಲ."

ಇಬ್ಬರು ಗಂಡಸರು ತನಗೆ ಅಡ್ಡ ನಿಂತಿದ್ದಾರೆ, ಇಬ್ಬರಲ್ಲಿ ಒಬ್ಬರಿಗೆ ತಾನು ಸುಳ್ಳು ಹೇಳಿದ್ದೇನೆ, ಇನ್ನೊಬ್ಬರಿಗೆ ಏನೂ ಹೇಳೇ ಇಲ್ಲ. ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬೆರಳು ಬೆಳ್ಳಗಾಗಿತ್ತು.

"ಕುಯ್ಸಿದ್ದು ನಾನು," ಎಂದಳು. "ಕೆಂಪರಾಜಣ್ಣ ಕೇಳಿದ್ರು. ಅಬ್ಬಾಗೆ ಹೇಳಿದ್ದೀನಿ ಅಂತ ಸುಳ್ಳು ಹೇಳಿ ಕುಯ್ಸಿದೆ."

ಹೈದರ್ ಆಗ ನೋಡಿದರು. ಕೋಪವಾದರೂ ಇದ್ದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಅವರ ಮುಖದಲ್ಲಿ ಇದ್ದದ್ದು ನಾಚಿಕೆ. ಮಗಳು ತಲೆಬಾಗಿಲಿನ ಹೊಸ್ತಿಲು ಕುಯ್ಯಿಸಿದ್ದು ಇಷ್ಟು ಜನಕ್ಕೆ ತಿಳಿಯಿತಲ್ಲ ಅನ್ನುವ ನಾಚಿಕೆ.

ಮುನಿತಾಯಮ್ಮ ಬಟ್ಟಲನ್ನು ಕೆಳಗಿಟ್ಟು, ಅರಿಶಿನದ ಕೈಯನ್ನು ಏನು ಮಾಡುವುದೋ ತಿಳಿಯದೆ ಗಾಳಿಯಲ್ಲಿ ಹಿಡಿದು ನಿಂತರು.

"ನಮ್ಮಕ್ಕನ ಮನೆ ಬಾಗ್ಲು ಪೂಜೆಗೆ ನೀನು ಬಂದಿದ್ದೆ ಕಣವ್ವ," ಎಂದರು. "ಇಷ್ಟುದ್ದ ಇದ್ದೆ. ಕೋಸಂಬರಿ ಎರಡು ಸಲ ಇಸ್ಕೊಂಡಿದ್ದೆ."

ಅಷ್ಟೇ ಹೇಳಿದ್ದು. ಬೈದಿದ್ದರೆ ಅದು ಅವತ್ತಿಗೆ ಮುಗಿಯುತ್ತಿತ್ತು. ಕೋಸಂಬರಿಯ ಮಾತು ಮುಗಿಯುವ ಜಾತಿಯದಲ್ಲ.

ಮುಹೂರ್ತ ಹೋಯಿತು. ಅಡುಗೆ ಆಗಿತ್ತು, ಬಂದವರು ಉಣ್ಣಲೇಬೇಕು. ಉಂಡೇ ಹೋಗಬೇಕೆಂದು ಮುನಿತಾಯಮ್ಮ ತಂದೆ ಮಗಳಿಬ್ಬರನ್ನೂ ಕೂರಿಸಿದರು. ನೌರೀನ್ ಎಲೆಯಿಂದ ಕಣ್ಣೆತ್ತಲಿಲ್ಲ. ಬಡಿಸುತ್ತ ಬಂದವನು ಕೋಸಂಬರಿ ಹಾಕಲು ಬಗ್ಗಿದಾಗ ಎಲೆಗೆ ಕೈ ಅಡ್ಡ ಇಟ್ಟಳು. ಎದುರಿಗೆ ಮಣೆಯ ಪಕ್ಕ ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ, ಮಡಿಸಿದ ಪಂಚೆ, ಜರಿ ಅಂಚಿನ ಶಲ್ಯ ಇದ್ದವು. ಊಟವಾದ ಮೇಲೆ ಮುನಿತಾಯಮ್ಮ ಎಲೆ ಅಡಿಕೆ ಮತ್ತು ಕಾಯಿಯನ್ನು ಹೈದರ್ ಕೈಗೆ ಕೊಟ್ಟರು. ಪಂಚೆ ಶಲ್ಯವನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡರು.

"ಇದು ಬಾಗ್ಲು ಬಂದ ದಿನ, ಹೈದರಣ್ಣ. ಬೇಜಾರ್ ಮಾಡ್ಕೊಬ್ಯಾಡ."

ಬೇಜಾರು ಏನಿಲ್ಲ ತಾಯಿ, ಅದೇ ಸರಿ ಎಂದರು ಹೈದರ್. ಬಾಗಿಲು ಪೂಜೆಯಿಂದ ಅವರು ಶಲ್ಯವಿಲ್ಲದೆ ಹೊರಟದ್ದು ಅದೇ ಮೊದಲು. ಮುನಿರಾಮಯ್ಯ ಕೊನೆಯ ಮಾತು ಹೇಳಿದರು. ಮುಂದಿನ ತಿಂಗಳು ಇನ್ನೊಂದು ಮುಹೂರ್ತ ಇದೆ, ಅವತ್ತಿಗೆ ಬಾಗಿಲು ಬಾಗಿಲಿನ ಹಾಗೆ ಬಂದರೆ ಸರಿ, ಇಲ್ಲದಿದ್ದರೆ ತೋಟದಲ್ಲಿ ಇಳಿಸಿಟ್ಟ ಉಳಿದ ಗೋಡೆಗಳನ್ನೂ ಹೇರಿಕೊಂಡು ಹೋಗಿ, ನಾನು ಇಟ್ಟಿಗೆಯಲ್ಲಿ ಕಟ್ಟಿಸುತ್ತೇನೆ. ಅದು ಬರೀ ಒಂದು ಮನೆಯ ಮಾತಲ್ಲ ಅನ್ನುವುದು ತಂದೆಗೂ ಗೊತ್ತಿತ್ತು, ಮಗಳಿಗೂ ಗೊತ್ತಿತ್ತು. ಊಟ ಮಾಡಿ ಹೋದ ನೆಂಟರು ಒಂದೊಂದು ಹೋಬಳಿಯವರು.

ಮುಂಗೋಡೆ ಬಂದ ಲಾರಿಯಲ್ಲೇ ವಾಪಸ್ ಹೊರಟಿತು. ಮಲಗಿಸಿ ಕಟ್ಟುವಷ್ಟು ಸಾವಧಾನ ಯಾರಿಗೂ ಇರಲಿಲ್ಲ, ನಿಲ್ಲಿಸಿಯೇ ಕಟ್ಟಿದರು. ಬಾಗಿಲಿನ ಬಾಯಿಯಲ್ಲಿ ಆಚೆಯ ಆಕಾಶ, ಮರಗಳು, ವಿದ್ಯುತ್ ತಂತಿಗಳು ಹಾದುಹೋಗುತ್ತಿದ್ದವು. ಹಿಂದೆ ಕಾರಿನಲ್ಲಿ ತಂದೆ ಮಗಳು. ದೊಡ್ಡಬಳ್ಳಾಪುರದ ಹತ್ತಿರ ಟೀ ಅಂಗಡಿಯ ಮುಂದೆ ಲಾರಿ ನಿಧಾನವಾದಾಗ, "ಏನ್ ಗುರು, ಮನೆ ಬಿಟ್ಟು ಓಡೋಗ್ತಿದೆಯಾ ಗೋಡೆ?" ಎಂದು ಯಾರೋ ಡ್ರೈವರನನ್ನು ಕೇಳಿದರು. ಅಲ್ಲಿದ್ದವರೆಲ್ಲ ನಕ್ಕರು. ನೌರೀನ್ ಕಾರಿನ ಗಾಜು ಏರಿಸಿದಳು.

ಹೈದರ್ ಬಹಳ ಹೊತ್ತು ಮಾತಾಡಲಿಲ್ಲ. ಮಾತಾಡದ ಅಬ್ಬಾನನ್ನು ಅವಳು ನೋಡಿದ್ದು ಕಡಿಮೆ. ಬೈಯಿರಿ ಎಂದು ಅವಳೇ ಕೇಳಿಕೊಂಡಳು. ಮನೆಮಾತು ದಖ್ಖನಿ ಉರ್ದುವಿನಲ್ಲಿ ಅವರು ಕೊನೆಗೆ ಹೇಳಿದ್ದು ಇಷ್ಟು: ನವೀನ್‌ಕುಮಾರ್ ತೋರಿಸಿದ ದಿನವೇ ಅವರಿಗೆ ಬಾಗಿಲ ಕೆಳಗಿನ ಖಾಲಿ ಕಂಡಿತ್ತು. ಗಟ್ಟಿಯಾಗಿ ಕೇಳಿದ್ದರೆ ಓದಿದ ಮಗಳ ತಂದೆ ಬರೀ ಬಡಗಿ ಎಂದು ಆ ಹುಡುಗ ಅಂದುಕೊಳ್ಳುತ್ತಾನೆ, ಅದರಿಂದ ಅವಳಿಗೆ ಅವಮಾನವಾಗುತ್ತದೆ ಎಂದು ಸುಮ್ಮನಾದರು.

"ನೀನು ನಗ್ತಾ ಇದ್ದೆ, ಬೇಟಿ. ನಾನೂ ಸುಮ್ನಾಗ್ಬಿಟ್ಟೆ."

ಆ ದಿನ ಅವಳು ನಕ್ಕದ್ದೂ ಬಡಗಿಯ ಮಗಳೆಂದು ಅವನಿಗೆ ಕಾಣಬಾರದು ಎಂದೇ. ಅದು ಅವರಿಗೆ ಗೊತ್ತಿರಲಾರದು ಎಂದುಕೊಳ್ಳುವಷ್ಟು ದಡ್ಡಿ ಅವಳಲ್ಲ.

ಮರುದಿನ ಶೆಡ್ಡಿಗೆ ಹೋದವಳು ಮೊದಲು ಕೆಂಪರಾಜ್ ಹತ್ತಿರ ಹೋಗಿ ತಪ್ಪಾಯಿತು ಎಂದಳು. ಅವರು ಕಸ ಗುಡಿಸುವುದನ್ನು ನಿಲ್ಲಿಸದೆ ಹ್ಞೂಂ ಅಂದರು. ಕುಯ್ದ ಹೊಸ್ತಿಲು ಎಲ್ಲಿ ಎಂದು ಕೇಳಿದಾಗ, ರಾಶಿಯ ಪಕ್ಕದಿಂದ ತೆಗೆದುಕೊಟ್ಟರು. ಗೋಣಿಚೀಲದಲ್ಲಿ ಸುತ್ತಿ ಇಟ್ಟಿದ್ದರು. ಇಂಥ ಮರವನ್ನು ಒಲೆಗೆ ಹಾಕಲು ಮನಸ್ಸು ಬರಲಿಲ್ಲ ಎಂದರು. ಅದನ್ನು ಮತ್ತೆ ಜೋಡಿಸುವಂತಿರಲಿಲ್ಲ. ನೌರೀನ್ ತೆಗೆದುಕೊಂಡು ಹೋಗಿ ತನ್ನ ಮೇಜಿನ ಕೆಳಗೆ ಇಟ್ಟಳು. ಬೇರೆಲ್ಲಿಡುವುದೆಂದು ತಿಳಿಯಲಿಲ್ಲ. ಹೊಸ್ತಿಲಿನ ಮೇಲೆ ಕಾಲಿಡಬಾರದೆಂದು ಚಿಕ್ಕಂದಿನಿಂದ ಕೇಳಿದವಳು, ಅಂದಿನಿಂದ ಕಾಲು ಹಿಂದಕ್ಕೆ ಮಡಿಸಿ ಕೂರುವುದಾಯಿತು.

ನವೀನ್‌ಕುಮಾರ್‌ಗೆ ಫೋನ್ ಮಾಡಿ, ಚೌಕಟ್ಟು ಮೊದಲು ನಿಂತು ಗೋಡೆ ಆಮೇಲೆ ಬರುವ ಹಾಗೆ ಮಾಡಲು ಆಗುತ್ತದಾ ಎಂದು ಕನ್ನಡದಲ್ಲೇ ಕೇಳಿದಳು. ಅವನು ಒಳ್ಳೆಯ ಹುಡುಗ, ಎರಡು ದಿನ ಪ್ರಯತ್ನಪಟ್ಟು ಆಗಲಿಲ್ಲ ಎಂದು ಒಪ್ಪಿಕೊಂಡ. ಅದು ಆ ರೀತಿಯ ಮನೆಗಳಿಗೆ ಮಾಡಿದ್ದಲ್ಲ ಮೇಡಂ ಎಂದ. ಆಮೇಲೆ ಹರ್ಷಿತಳನ್ನು ಕರೆಸಿದಳು.

ಆ ದಿನ ಆಫೀಸಿನ ಬಾಗಿಲು ತೆರೆದೇ ಇತ್ತು. ಕೆಂಪರಾಜ್‌ಗೂ ಒಂದು ಕುರ್ಚಿ ಹಾಕಿಸಿದ್ದಳು. ಅಬ್ಬಾನನ್ನು ಪರದೆಯ ಹತ್ತಿರವೇ ಕೂರಿಸಿದಳು. ಶುರುವಿಗೆ ಮುಂಚೆ ಹರ್ಷಿತಳಿಗೆ, ಹೋದ ಸಲ ನೀವು ಕೇಳಿದ್ದಕ್ಕೆಲ್ಲ ಡಿಪೆಂಡ್ಸ್ ಅಂದಿದ್ದೆ, ನನಗೆ ಉತ್ತರ ಗೊತ್ತಿರಲಿಲ್ಲ ಎಂದಳು. ಹೇಳುವಾಗ ಕುತ್ತಿಗೆ ಅವತ್ತಿನ ಹಾಗೆಯೇ ಬೆವರಿತು. ಹರ್ಷಿತ ಮಾತ್ರ, ಎಷ್ಟೋ ಜನ ಹಾಗೆ ಅಂತಾರೆ ಅಕ್ಕ ಎಂದು ಲ್ಯಾಪ್‌ಟಾಪ್ ತೆರೆದಳು.

ಗುಮಾಸ್ತ ಪ್ರಶ್ನೆ ಶುರು ಮಾಡಿತು. ಚೌಕಟ್ಟು ಕಾರ್ಖಾನೆಯಲ್ಲೋ, ಜಾಗದಲ್ಲೋ? ಜಾಗದಲ್ಲಿ. ಗೋಡೆಗಿಂತ ಮೊದಲೋ, ಆಮೇಲೋ? ಮೊದಲು. ಹಾಗಾದರೆ ಗೋಡೆಯನ್ನು ಎಲ್ಲಿ ಒಡೆಯುವುದು? ನೌರೀನಳಿಗೆ ತಿಳಿಯಲಿಲ್ಲ. ತಿಳಿಯಲಿಲ್ಲ ಎಂದೇ ಹೇಳಿದಳು. ಚೌಕಟ್ಟಿನ ಎರಡು ಪಕ್ಕಕ್ಕೆ ಎರಡು ಗೋಡೆ, ತಲೆಯ ಮೇಲೆ ಒಂದು ತುಂಡು ಆದರೆ ಆಗುತ್ತದಾ ಎಂದು ಹೈದರ್ ಕೇಳಿದರು. ಆಗಬಹುದು, ಆದರೆ ಮೇಲಿನ ತುಂಡನ್ನು ಎರಡು ಗೋಡೆಗಳೂ ಹಿಡಿಯಬೇಕು, ಚೌಕಟ್ಟಿನ ಮೇಲೆ ಭಾರ ಬೀಳಬಾರದು ಎಂದಳು ಹರ್ಷಿತ. ಹೈದರ್‌ಗೆ ಅದು ಹೊಸ ವಿಷಯ, ಇಟ್ಟಿಗೆ ಮನೆಯಲ್ಲಿ ಆ ಯೋಚನೆ ಗಾರೆಯವನದು. ನಾಲ್ವರೂ ಪರದೆಗೆ ಬೆರಳಿಟ್ಟು ವಾದ ಮಾಡಿದರು. ಊಟದ ಹೊತ್ತಿಗೆ ಹೈದರ್ ಹರ್ಷಿತಳ ಊರು, ಅವಳ ತಾಯಿಯ ಸಕ್ಕರೆ ಕಾಯಿಲೆ ಎಲ್ಲ ವಿಚಾರಿಸಿ ಮುಗಿಸಿದ್ದರು. ಅಬ್ಬಾನ ಮಾತು ವಾಪಸ್ ಬಂದಿತ್ತು. ಪೂರ್ತಿ ಬಂದಿರಲಿಲ್ಲ. ಮಗಳ ಜೊತೆ ಮಾತ್ರ ಅವರು ಇನ್ನೂ ಅಳೆದೇ ಮಾತಾಡುತ್ತಿದ್ದರು.

ಗುಮಾಸ್ತನನ್ನೇ ಕೊಂಡರು. ಹೈದರ್ ಹೊಸ ಚೌಕಟ್ಟು ಮಾಡಿದರು. ಬಳ್ಳಿ ಕೆತ್ತಲು ಈ ಸಲ ಸಮಯ ಸಾಲಲಿಲ್ಲ, ಹೊಸ್ತಿಲಿಗೆ ಮಾತ್ರ ಎರಡು ಹೂವು ಬಂದವು.

ಎರಡನೆಯ ಮುಹೂರ್ತಕ್ಕೆ ಶಾಮಿಯಾನ ಇರಲಿಲ್ಲ. ಬಂದವರೂ ಕಡಿಮೆ. ನೌರೀನಳಿಗೆ ಅದರಿಂದ ಸಮಾಧಾನವೂ ಆಯಿತು, ಅದಕ್ಕೆ ನಾಚಿಕೆಯೂ ಆಯಿತು. ತೋಟದ ನಡುವೆ, ಖಾಲಿ ನೆಲದ ಅಂಚಿನಲ್ಲಿ, ಬರೀ ಚೌಕಟ್ಟು ಎರಡು ಊರುಗೋಲುಗಳ ಆಸರೆಯಲ್ಲಿ ನಿಂತಿತ್ತು. ಮುನಿತಾಯಮ್ಮ ಬಗ್ಗಿ, ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಅರಿಶಿನ ಬಳಿದರು. ಅಷ್ಟು ಹೊತ್ತು ಬೇಕಿರಲಿಲ್ಲ, ಆದರೂ ಅಷ್ಟು ಹೊತ್ತು ಬಳಿದರು. ಪೂಜೆಯಾಗಿ, ಎರಡು ಮಗ್ಗುಲಿಗೂ ಗೋಡೆಗಳು ಬಂದು, ಮೇಲಿನ ತುಂಡು ಇಳಿದು ಕೂತಾಗ ಕೆಂಪರಾಜ್ ಸಂದಿಯಲ್ಲಿ ಬೆರಳು ಹಾಕಿ ನೋಡಿದರು. ಬೆರಳು ಹೋಗಲಿಲ್ಲ. ಅವರು ನೌರೀನಳ ಕಡೆ ತಿರುಗಿ ತಲೆಯಾಡಿಸಿದರು.

"ಬಂದ್ನಾ ಇವತ್ತು ಆ ಸಾಫ್ಟ್‌ವೇರು?" ಎಂದು ಮುತ್ಯಾಲಮ್ಮ ಕುರ್ಚಿಯಿಂದ ಕೂಗಿದಳು.

"ಬಂದವ್ನೆ ಅಜ್ಜಿ," ಎಂದಳು ನೌರೀನ್. "ಬರೀ ಪ್ರಶ್ನೆ ಕೇಳ್ತಾನೆ."

"ಕೇಳ್ಲಿ ಬಿಡು. ಬಾಯಿದ್ದೋನು," ಅಂದಳು ಮುದುಕಿ.

ಹೈದರ್ ಅವರನ್ನು ಮಣೆಯ ಮೇಲೆ ಕೂರಿಸಿದರು. ಅದೇ ಪಂಚೆ, ಅದೇ ಜರಿ ಅಂಚಿನ ಶಲ್ಯ. ಒಂದು ತಿಂಗಳು ಬೀರುವಿನಲ್ಲಿ ಇದ್ದ ಮಡಿಕೆ ಶಲ್ಯದ ಮೇಲೆ ಗೆರೆಯಾಗಿ ಕೂತಿತ್ತು. ಮುನಿತಾಯಮ್ಮ ಅದನ್ನು ಹೆಗಲಿಗೆ ಹೊದಿಸಿದಾಗ ಅವರು ಗೆರೆಯನ್ನು ಕೈಯಲ್ಲಿ ಸವರಿ ಸವರಿ ನೇರ ಮಾಡಿಕೊಂಡರು. ಆಮೇಲೆ ಮುನಿತಾಯಮ್ಮ ಹೊಸ ಬಾಗಿಲಿನೊಳಗೆ ಹೋಗಿ, ಒಳಗಿನಿಂದ ತಿರುಗಿ, ಎಲ್ಲರೂ ಬನ್ನಿ ಎಂದರು. ಕೋಸಂಬರಿ ಒಳಗೇ ಇಟ್ಟಿದೆ ಎಂದರು. ಯಾರನ್ನು ನೋಡಿ ಹೇಳಿದರೋ, ನೌರೀನ್ ಆ ಕಡೆ ನೋಡುವ ಧೈರ್ಯ ಮಾಡಲಿಲ್ಲ.

ಕೊನೆಯವಳಾಗಿ ಹೊರಟಳು. ಕಣ್ಣು ಅಬ್ಬಾನ ಹೆಗಲಿನ ಶಲ್ಯದ ಮೇಲಿತ್ತು. ಬಲಗಾಲಿನ ಹೆಬ್ಬೆರಳು ಮರಕ್ಕೆ ಬಲವಾಗಿ ಹೊಡೆಯಿತು. ಕಣ್ಣಲ್ಲಿ ನೀರು ಬಂತು. ಚೌಕಟ್ಟು ಹಿಡಿದು ನಿಂತಳು. ಒಳಗಿದ್ದವರೆಲ್ಲ ತಿರುಗಿ ನೋಡಿದರು, ಹೈದರ್ ಕೂಡ. ಯಾರೂ ನಗಲಿಲ್ಲ. ಮುನಿತಾಯಮ್ಮ ಕೋಸಂಬರಿಯ ಪಾತ್ರೆಯಿಂದ ತಲೆ ಎತ್ತಿ ಹೇಳಿದರು:

"ನೋಡ್ಕೊಂಡು ಬಾರವ್ವ. ಹೊಸ್ತಿಲೈತೆ."